ಹುಲಿ ಹೋಯಿತು, ಆನೆ ಒಲ್ಲೆನೆಂದಿತು

ಮೇ ತಿಂಗಳು ಬಂತೆಂದರೆ ನಮ್ಮ ಬೋರಿವಲಿ ಕಡೆ ಎರಡೇ ಮಾತು. ಒಂದು, ಹಾಪೂಸಿನ ಪೆಟ್ಟಿಗೆ ಎಷ್ಟಕ್ಕೆ ಇಳಿಯಿತು ಅಂತ. ಇನ್ನೊಂದು, ಯಾರು ಯಾವ ದೇಶಕ್ಕೆ ಹೋದರು ಅಂತ. ಹಾಪೂಸಿನ ಮಾತು ಮೊದಲ ಮಳೆಗೆ ಮುಗಿಯುತ್ತದೆ. ಫಾರಿನ್ ಟೂರಿನ ಮಾತು ಮಾತ್ರ ಗಣಪತಿ ಹಬ್ಬದ ತನಕ ಎಳೆಯುತ್ತದೆ, ಅಲ್ವಾ? ಈ ಸಲ ನಮ್ಮ ಬಿಲ್ಡಿಂಗಿನಲ್ಲಿ ಎದುರುಮನೆಯ ಅಕ್ಕ-ಭಾವನ ಸರದಿ. ಭಾವ ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತವರು. ಉಡುಪಿ ಕಡೆಯವರು ಅಂತ ಬೇರೆ ಹೇಳಬೇಕಾಗಿಲ್ಲವಲ್ಲ. ಮಗ ಹೋಟೆಲು ನೋಡಿಕೊಳ್ಳಲು ಶುರುಮಾಡಿದ್ದೇ ತಡ, ಅಕ್ಕ ಹಟ ಹಿಡಿದರು. "ಕಾಲು ಗಟ್ಟಿ ಇರುವಾಗಲೇ ಒಮ್ಮೆ ಹೋಗಿ ಬರುವ" ಅಂತ.

ಹೊರಡುವ ಮೊದಲಿನ ಗಡಿಬಿಡಿ ನೋಡಬೇಕಿತ್ತು ನೀವು. ಪೆಟ್ಟಿಗೆಯ ತೂಕ ನೋಡಲಿಕ್ಕೆ ಭಾವ ಒಮ್ಮೆ ಬರಿಗೈಯಲ್ಲಿ ಮಷಿನ್ ಹತ್ತಿದರು, ಇನ್ನೊಮ್ಮೆ ಪೆಟ್ಟಿಗೆ ಅಪ್ಪಿಕೊಂಡು ಹತ್ತಿದರು. ಇದರಲ್ಲಿ ಅದನ್ನು ಕಳೆದರೆ ಪೆಟ್ಟಿಗೆಯ ತೂಕ. ಕಿಲೋ ಹೆಚ್ಚಾದಾಗಲೆಲ್ಲ ಹೊರಗೆ ಬರುತ್ತಿದ್ದದ್ದು ಭಾವನ ಸ್ವೆಟರು. ಅಕ್ಕನ ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಗೊಜ್ಜವಲಕ್ಕಿ ಒಂದಿಷ್ಟೂ ಅಲುಗಾಡಲಿಲ್ಲ. ಅದೂ ಮುಂಬಯಿಯಿಂದ ಹೊರಡುವ ಟೂರಿಗೆ ಊಟದ ಚಿಂತೆ ಎಂಥದು ಮಾರಾಯ್ರೆ? ಘಾಟ್ಕೋಪರ್, ಮುಲುಂಡ್, ಬೋರಿವಲಿಯ ಗುಜರಾತಿಗಳ ಪುಣ್ಯದಿಂದ ಎಷ್ಟೋ ಟೂರಿನವರು ಅಡುಗೆಯ ಮಹಾರಾಜನನ್ನೇ ಜೊತೆಗೆ ಕರೆದೊಯ್ಯುತ್ತಾರೆ. ಆಲ್ಪ್ಸ್ ಬೆಟ್ಟದ ಬುಡದಲ್ಲೂ ದಾಲ್-ಚಾವಲ್ ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ ಜೈನ್ ಊಟವೂ ಸಿಗುತ್ತದೆ. ಪ್ಯಾರಿಸಿನಲ್ಲಿ ಏನು ತಿಂದಿರಿ ಅಂತ ಕೇಳಿದರೆ ಅಕ್ಕ, "ರಾಜ್ಮಾ ಚೆನ್ನಾಗಿತ್ತು" ಅಂದರು.

ರೋಮಿನ ಕಥೆ ಕೇಳಿ. ಕೊಲೋಸಿಯಮ್ ಮುಂದೆ ಬಸ್ಸು ಇಳಿಸಿದರಂತೆ. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದದ್ದು, ಇಲ್ಲಿ ಮನುಷ್ಯರನ್ನೂ ಮೃಗಗಳನ್ನೂ ಕಾದಾಡಿಸುತ್ತಿದ್ದರು ಅಂತ ಗೈಡ್ ವಿವರಿಸುತ್ತಿದ್ದರೆ, ಭಾವ ಅದರ ಒಡೆದ ಕಮಾನುಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದೇನು ಗೊತ್ತಾ? "ಇಷ್ಟು ಹಳೆಯದನ್ನು ಇನ್ನೂ ರಿಡೆವಲಪ್‌ಮೆಂಟಿಗೆ ಕೊಟ್ಟಿಲ್ವಾ?" ನಗಬೇಡಿ. ಸೊಸೈಟಿಯ ಮೀಟಿಂಗಿನಲ್ಲಿ ವರ್ಷಗಟ್ಟಲೆ ಬಿಲ್ಡರ್, ಕಾರ್ಪಸ್ ಫಂಡ್, ಎಫ್‌ಎಸ್‌ಐ ಅಂತ ಕೇಳಿ ಕೇಳಿ ಕಿವಿ ತೂತಾದ ಮನುಷ್ಯನಿಗೆ ಬೇರೆ ಏನು ತೋಚೀತು? ನಲವತ್ತು ವರ್ಷದ ನಮ್ಮ ಬಿಲ್ಡಿಂಗಿನ ಪ್ಲಾಸ್ಟರೇ ಉದುರುತ್ತಿದೆ. ಎರಡು ಸಾವಿರ ವರ್ಷದ್ದು ಊರ ನಡುವೆ ನಿಂತೇ ಇದೆ, ಜಾಗವೋ ಬಂಗಾರದ್ದು, ಒಬ್ಬ ಬಿಲ್ಡರನ ಬೋರ್ಡೂ ಇಲ್ಲ ಅಂದರೆ ಅವರಿಗೆ ಆಶ್ಚರ್ಯ ಆಗಿಯೇ ಆಗುತ್ತದೆ.

ಪಿಸಾದಲ್ಲೂ ಇದೇ ಕಥೆ. ಗೋಪುರ ನೋಡಿದ ಕೂಡಲೇ ಭಾವ, "ಇದು ಸಿ-1" ಅಂದರಂತೆ. ಮಹಾನಗರಪಾಲಿಕೆಯವರು ಮಳೆಗಾಲಕ್ಕೆ ಮುಂಚೆ ಅಪಾಯದ ಕಟ್ಟಡಗಳ ಪಟ್ಟಿ ಮಾಡಿ ಖಾಲಿ ಮಾಡಿ ಅಂತ ನೋಟಿಸು ಅಂಟಿಸುತ್ತಾರಲ್ಲ, ಆ ಸಿ-1. ಅಲ್ಲಿಯವರೂ ಕಣ್ಣು ಮುಚ್ಚಿ ಕೂತಿರಲಿಲ್ಲ ಅನ್ನಿ. 1990ರಲ್ಲಿ ಗೋಪುರಕ್ಕೆ ಬೀಗ ಹಾಕಿ, ವಾಲಿದ ಬದಿಗೆ ಎದುರಿನ ಬುಡದಿಂದ ಸ್ವಲ್ಪ ಸ್ವಲ್ಪ ಮಣ್ಣು ತೆಗೆದು, ಸುಮಾರು 45 ಸೆಂಟಿಮೀಟರ್ ನೆಟ್ಟಗೆ ಮಾಡಿ, 2001ರಲ್ಲಿ ಮತ್ತೆ ಬಾಗಿಲು ತೆರೆದರು. ಅಷ್ಟಕ್ಕೇ ನಿಲ್ಲಿಸಿದ್ದು ಜಾಣತನ. ಪೂರ್ತಿ ನೆಟ್ಟಗಾದರೆ ಯಾರು ಮಾರಾಯ್ರೆ ಟಿಕೆಟು ತೆಗೆದುಕೊಂಡು ಬರುತ್ತಾರೆ? ಅಕ್ಕನ ಫೋಟೋದಲ್ಲಿ ಭಾವ ಎರಡು ಕೈಯಲ್ಲಿ ಗೋಪುರವನ್ನು ತಡೆದು ನಿಲ್ಲಿಸಿದ್ದಾರೆ. ಹಿಂದೆ ನೋಡಿದರೆ ಹುಲ್ಲಿನ ಮೇಲೆ ಇಪ್ಪತ್ತು ಮೂವತ್ತು ಜನ ಗಾಳಿಗೆ ಕೈಯೊಡ್ಡಿ ನಿಂತಿದ್ದಾರೆ, ಎಲ್ಲರದೂ ಅದೇ ಭಂಗಿ.

ನಾಣ್ಯದ ಲೆಕ್ಕ ಇನ್ನೊಂದು. ಯುರೋಪಿನಲ್ಲಿ ಕಾಸು ಹಾಕಿದರೆ ಮಾತ್ರ ಬಾಗಿಲು ತೆರೆಯುವ ಶೌಚಾಲಯಗಳಿವೆಯಲ್ಲ, ಅದರ ಮೇಲೆ ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ. "ಒಂದು ಯೂರೋ ಅಂದರೆ ಎಷ್ಟು ವಡಾಪಾವ್ ಲೆಕ್ಕ ಹಾಕು" ಅಂತಾರೆ. ಅದೇ ಅಕ್ಕ ಟ್ರೆವಿ ಕಾರಂಜಿಗೆ ಬೆನ್ನು ಹಾಕಿ ನಿಂತು, ಬಲಗೈಯಿಂದ ಎಡ ಭುಜದ ಮೇಲಾಗಿ ನಾಣ್ಯ ಎಸೆದು ಬಂದಿದ್ದಾರೆ. ಹಾಗೆ ಎಸೆದವರು ಮತ್ತೆ ರೋಮಿಗೆ ಬರುತ್ತಾರಂತೆ. ಬಿದ್ದ ಕಾಸನ್ನು ಬಾಚಿ ಬಡವರಿಗಾಗಿ ದುಡಿಯುವ ಕಾರಿತಾಸ್ ಸಂಸ್ಥೆಗೆ ಕೊಡುತ್ತಾರೆ, ಅದು ಒಳ್ಳೆಯದೇ. ನಮ್ಮ ವಿರಾರ್ ಲೋಕಲು ವಸಾಯಿ ಖಾಡಿಯ ಸೇತುವೆ ದಾಟುವಾಗ ಬಾಗಿಲಲ್ಲಿ ನಿಂತವರು ಕೈಮುಗಿದು ಕಾಸು ಎಸೆಯುತ್ತಾರಲ್ಲ, ಅವರೂ ಮತ್ತೆ ಬಂದೇ ಬರುತ್ತಾರೆ. ಅದೇ ದಿನ ಸಂಜೆ, 6.20ರ ಫಾಸ್ಟಿನಲ್ಲಿ.

ಇನ್ನು ವೆನಿಸ್. 2024ರ ಏಪ್ರಿಲಿನಿಂದ ಅಲ್ಲಿ ಹಗಲು ಬಂದು ಸಂಜೆ ಹೋಗುವವರಿಗೆ, ಗರ್ದಿಯ ದಿನಗಳಲ್ಲಿ, ಊರೊಳಗೆ ಕಾಲಿಡಲಿಕ್ಕೇ ಶುಲ್ಕ. ಭಾವನಿಗೆ ಇದು ಬಹಳ ಹಿಡಿಸಿಬಿಟ್ಟಿದೆ. ದಾದರಿನಲ್ಲಿ ಹಾಕಬೇಕು ಅಂತಾರೆ. ಹಗಲು ಬಂದು ಸಂಜೆ ಹೋಗುವವರನ್ನು ನಂಬಿಯೇ ಹೋಟೆಲು ನಡೆಸಿದವರು ಹೀಗೆ ಹೇಳುವುದಾ ಅಂತ ಅಕ್ಕ ಬೈದರು.

ಸ್ವಿಟ್ಜರ್ಲೆಂಡಿನಲ್ಲಿ ನೋಡಿದ್ದು ಇತಿಹಾಸ ಹೌದೋ ಅಲ್ಲವೋ, ನೀವೇ ಹೇಳಿ. ಟಿಟ್ಲಿಸ್ ಹಿಮಪರ್ವತದ ಮೇಲೆ ಶಾರುಖ್ ಖಾನ್-ಕಾಜೋಲರ ಕಟೌಟು ನಿಲ್ಲಿಸಿದ್ದಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಇಂಟರ್‌ಲಾಕೆನ್ ಊರಿನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯೇ ಇದೆ. ಆ ಕಟೌಟಿನ ಜೋಡಿ ನಟಿಸಿ 1995ರಲ್ಲಿ ಬಿಡುಗಡೆಯಾದ ಸಿನಿಮಾ ನಮ್ಮ ಮುಂಬಯಿ ಸೆಂಟ್ರಲಿನ ಮರಾಠಾ ಮಂದಿರದಲ್ಲಿ ದಶಕಗಟ್ಟಲೆ ಓಡಿದೆ. ಅಷ್ಟು ಹತ್ತಿರ ಇರುವುದನ್ನು ಬಿಟ್ಟು ಹತ್ತು ಸಾವಿರ ಅಡಿ ಮೇಲೆ, ಅದೂ ರಟ್ಟಿನ ಶಾರುಖನನ್ನು ನೋಡಲಿಕ್ಕೆ ಹೋದದ್ದು... ಇರಲಿ ಬಿಡಿ, ಹಿಮ ಚೆನ್ನಾಗಿತ್ತಂತೆ.

ಲಂಡನ್ ಬಂದಾಗ ಮಾತ್ರ ಭಾವ ಗಂಭೀರ ಆಗುತ್ತಾರೆ. ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ ಎದುರು ನಿಂತವರೇ, "ಅರೆ, ವಿಟಿ!" ಅಂದರಂತೆ. ಅದು ತಪ್ಪೂ ಅಲ್ಲ. ಕೆಂಪು ಇಟ್ಟಿಗೆಯ ಆ ಸ್ಟೇಷನ್ ಹೋಟೆಲು 1873ರಲ್ಲಿ ತೆರೆದದ್ದು, ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಎಂಬವರ ನಕ್ಷೆ. ಎಫ್.ಡಬ್ಲ್ಯು. ಸ್ಟೀವನ್ಸ್ ನಮ್ಮ ಮುಂಬಯಿಯ ವಿಟಿ ಸ್ಟೇಷನ್ನನ್ನು 1878ರಲ್ಲಿ ಶುರುಮಾಡಿದಾಗ ಇದನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು ಅಂತಾರೆ. ಚರ್ಚ್‌ಗೇಟಿನಿಂದ ಇಳಿದು ಬರುವಾಗ ಕಾಣುವ ರಾಜಾಬಾಯಿ ಗಡಿಯಾರ ಗೋಪುರ ಇದೆಯಲ್ಲ, ಅದು ನೇರವಾಗಿ ಇದೇ ಸ್ಕಾಟ್ ಸಾಹೇಬರ ನಕ್ಷೆ. ತಮಾಷೆ ಏನೆಂದರೆ ಆ ಮನುಷ್ಯ ಮುಂಬಯಿಗೆ ಕಾಲೇ ಇಟ್ಟವರಲ್ಲ. ಲಂಡನ್ನಿನಲ್ಲೇ ಕೂತು ಗೆರೆ ಎಳೆದು ಕಳಿಸಿದರು. ದುಡ್ಡು ಕೊಟ್ಟವರು ಹತ್ತಿಯ ಕುಬೇರ ಪ್ರೇಮಚಂದ್ ರಾಯಚಂದ್, ಹೆಸರು ಅವರ ತಾಯಿಯದು. ಹೀಗಿರುವಾಗ ಮುಂಬಯಿಯವನಿಗೆ ಲಂಡನ್ನು ಫಾರಿನ್ ಅನಿಸುವುದಾದರೂ ಹೇಗೆ? ಒಂದು ವ್ಯತ್ಯಾಸ ಭಾವ ಗುರುತಿಸಿದ್ದಾರೆ: ಅಲ್ಲಿಯ ಸ್ಟೇಷನ್ನಿನಲ್ಲಿ ಯಾರೂ ಓಡುವುದಿಲ್ಲವಂತೆ.

ಥೇಮ್ಸ್ ನದಿಯ ದಂಡೆಯಲ್ಲಿ, ಅವರ ಪಾರ್ಲಿಮೆಂಟಿಗೆ ಎದುರು ದಡದಲ್ಲಿ ಬಸವಣ್ಣನ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಕಡೆಯ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಟೂರಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಭಾವ ಹಟ ಹಿಡಿದು ಹತ್ತು ನಿಮಿಷ ಕೇಳಿಕೊಂಡು ಹೋಗಿ ಕೈಮುಗಿದು ಬಂದರು. ವಾಪಸು ಬಸ್ಸು ಹತ್ತಿದಾಗ ಗುಜರಾತಿ ಬೆನ್ ಒಬ್ಬರು, "ಯಾರದು, ನಿಮ್ಮ ಸಂಬಂಧಿಕರಾ?" ಅಂತ ಕೇಳಿದರಂತೆ. ಭಾವ "ಹೌದು" ಅಂದರಂತೆ. ಮತ್ತೇನು ಹೇಳುವುದು, ಅಲ್ವಾ?

ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಹುಲಿ ಕೂತಿದೆ, ನಿಮಗೆ ಗೊತ್ತಿದ್ದದ್ದೇ. ಮರದ ಹುಲಿ, ಕೆಳಗೆ ಬಿಳಿಯ ಸಿಪಾಯಿ; ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಸಿಪಾಯಿ ಕೈ ಆಡಿಸುತ್ತಾ ನರಳುತ್ತಾನೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಹಡಗು ಹತ್ತಿದ್ದು, ಅಲ್ಲಿಯೇ ಉಳಿಯಿತು. ತಮ್ಮವನನ್ನೇ ತಿನ್ನುವ ಹುಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಇಷ್ಟು ಜೋಪಾನ ಮಾಡುವ ಇಂಗ್ಲಿಷರ ಬುದ್ಧಿ ಅಕ್ಕನಿಗೆ ಇನ್ನೂ ಅರ್ಥವಾಗಿಲ್ಲ. ಅದೇ ಮ್ಯೂಸಿಯಮ್ಮಿನಿಂದಲೇ 2024ರ ಜುಲೈಯಲ್ಲಿ ಹುಲಿಯುಗುರಿನಂಥ ಆಯುಧ ವಾಘನಖ ಮೂರು ವರ್ಷದ ಎರವಲಿಗೆ ಸಾತಾರಕ್ಕೆ ಬಂದದ್ದು. ಆಗ ಇಲ್ಲಿಯ ಪೇಪರುಗಳಲ್ಲಿ ಬೇರೆ ಸುದ್ದಿಯೇ ಇರಲಿಲ್ಲವಲ್ಲ.

ಹುಲಿಯ ಮಾತು ಬಂದಾಗ ಆನೆಯ ಕಥೆ ಹೇಳದಿದ್ದರೆ ಹೇಗೆ? ಲಂಡನ್ನಿನ ಆ ಮ್ಯೂಸಿಯಮ್ಮಿನ ಹೆಸರೇ ನಮ್ಮ ಬೈಕಲಾದ ಮ್ಯೂಸಿಯಮ್ಮಿಗೂ ಇತ್ತು. 1975ರಲ್ಲಿ ಅದು ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ ಆಯಿತು. ಅದರ ಪಕ್ಕ, ರಾಣಿ ಬಾಗಿನಲ್ಲಿ, ಒಂದು ದೊಡ್ಡ ಕಲ್ಲಾನೆ ನಿಂತಿದೆ. ಮಕ್ಕಳು ಪೆಂಗ್ವಿನ್ ನೋಡುವ ಆತುರದಲ್ಲಿ ಅದರ ಮುಂದೆಯೇ ಓಡಿಹೋಗುತ್ತಾರೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಅಂತ ಹೆಸರಿಟ್ಟದ್ದು ಈ ಆನೆಯನ್ನು ನೋಡಿಯೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸುವ ಏರ್ಪಾಡಾಯಿತು. ಕ್ರೇನಿಗೆ ಕಟ್ಟಿ ಎತ್ತಿದರು, ಸರಪಳಿ ಕಡಿಯಿತು, ಆನೆ ಬಿದ್ದು ಚೂರುಚೂರಾಯಿತು. ಚೂರುಗಳನ್ನು ತಂದು ಬಾಗಿನಲ್ಲಿ ಹಾಕಿದರು. 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಹುಲಿ ಪಾಸ್‌ಪೋರ್ಟು ವೀಸಾ ಇಲ್ಲದೆ ಸಲೀಸಾಗಿ ಹೋಯಿತು, ಆನೆ ಸತ್ತರೂ ಬರಲೊಲ್ಲೆ ಅಂತ ಬಿದ್ದುಬಿಟ್ಟಿತು. ಮುಂಬಯಿ ಬಿಟ್ಟು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ ಅನ್ನುವುದು ನಮ್ಮ ಭಾವನ ವಾದ.

ಅದೇ ದ್ವೀಪದಿಂದ ಇನ್ನೊಂದೂ ಹೋಗಿದೆ. ಗುಹೆಯ ಹತ್ತಿರ ಇದ್ದ ಒಂದು ಶಾಸನದ ಕಲ್ಲನ್ನು ಪೋರ್ಚುಗೀಸರು ಕಿತ್ತು ತಮ್ಮ ರಾಜನಿಗೆ ಕಳಿಸಿಕೊಟ್ಟರು ಅಂತ ಅವರದೇ ಇತಿಹಾಸಕಾರ ದಿಯೋಗೊ ದೊ ಕೂತೊ ಬರೆದಿಟ್ಟಿದ್ದಾನೆ. ಅಲ್ಲಿ ಅದನ್ನು ಓದುವವರು ಸಿಗಲಿಲ್ಲ. ಆಮೇಲೆ ಕಲ್ಲೇ ಸಿಗಲಿಲ್ಲ. ಆ ಮೂರು ಮುಖದ ಸದಾಶಿವನನ್ನು ಕಡೆಸಿದವರು ಯಾರು ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಪುಲಕೇಶಿಗೂ ಇಲ್ಲೊಂದು ಎಳೆ ಇದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ತನ್ನ ದೊರೆ ಹಡಗುಗಳ ದಂಡು ತಂದು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಅಂತ ಹೊಗಳಿದ್ದಾನಲ್ಲ? ಆ ಪುರಿ ಈ ಘಾರಾಪುರಿಯೇ ಅಂತ ಕೆಲವರು, ಅಲ್ಲ ಕೆಳಗಿನ ರಾಜಪುರಿ ಅಂತ ಕೆಲವರು. ಭಾವನಿಗಂತೂ ಸಂಶಯವೇ ಇಲ್ಲ. "ನಾವು ಹೋಟೆಲು ಹಾಕುವ ಮೊದಲೇ ಬಂದಿದ್ದೆವು" ಅಂತಾರೆ.

ನಮ್ಮ ಅಜ್ಜ ಹೇಳುತ್ತಿದ್ದ ಕಾಲ ಬೇರೆ. ಆಗ ಕನ್ನಡ ನಾಡಿನಿಂದ ವಿಲಾಯತಿಗೆ ಹೋಗುವವರು ಮೊದಲು ಮುಂಬಯಿಗೆ ಬಂದು, ಇಲ್ಲಿ ಯಾರದಾದರೂ ಖೋಲಿಯಲ್ಲಿ ಎರಡು ದಿನ ಇದ್ದು, ಬಲ್ಲಾರ್ಡ್ ಪಿಯರಿನಲ್ಲಿ ಹಡಗು ಹತ್ತಬೇಕಿತ್ತು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅನ್ನುವ ಹಿರಿಯರು ಊರಿನಲ್ಲಿ ಇನ್ನೂ ಇದ್ದರು. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟವರು, ಆ ಪಯಣದಿಂದ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಬಂತು, ‘ಸಮುದ್ರ ಗೀತೆಗಳು’ ಬಂತು. ಹಡಗಿನಲ್ಲಿ ವಾರಗಟ್ಟಲೆ ಸಮುದ್ರ ನೋಡುತ್ತಾ ಕೂತರೆ ಕವಿತೆ ಹುಟ್ಟದೆ ಇನ್ನೇನು? ನಮ್ಮವರು ಸಹಾರದಲ್ಲಿ ರಾತ್ರಿ ಎರಡಕ್ಕೆ ವಿಮಾನ ಹತ್ತಿ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿ, ಎದ್ದರೆ ಫ್ರಾಂಕ್‌ಫರ್ಟ್. ಕವಿತೆಗೆ ಸಮಯ ಎಲ್ಲಿ? ಹನ್ನೆರಡು ದಿನಕ್ಕೆ ಏಳು ದೇಶ ಆಗಬೇಕು.

ಹೋದವರ ಕಥೆ ಇದಾಯಿತು. ಬಂದವರ ಕಥೆ ಇನ್ನೂ ಚೆಂದ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನ ಇದೆ. ಚಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಹಿಂದೂಸ್ಥಾನದ ಕರಾವಳಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಹಡಗು ತಂದು, ಇಲ್ಲಿಯ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ, ತಂಗಿಯನ್ನು ಕರೆದುಕೊಂಡು ಓಡುತ್ತಾನೆ. ಅದರಲ್ಲಿ ಇಲ್ಲಿಯವರು ಆಡುವ ಮಾತು ಕನ್ನಡ ಅಂತ 1904ರಲ್ಲಿ ಹುಲ್ಟ್ಜ್ ಹೇಳಿದರು, ನಮ್ಮ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಹೌದೆಂದು ವಾದಿಸಿದರು, ತುಳು ಅಂದವರೂ ಇದ್ದಾರೆ, ಎರಡೂ ಅಲ್ಲ ಅಂದವರೂ ಇದ್ದಾರೆ. ಏನೇ ಇರಲಿ, ನಮ್ಮ ಕರಾವಳಿಗೆ ಬಂದ ಫಾರಿನ್‌ನವರ ಅಷ್ಟು ಹಳೆಯ ಕಥೆಯಲ್ಲೇ ಕುಡಿತ, ಗಲಾಟೆ, ಬಿಲ್ಲು ಕೊಡದೆ ಪರಾರಿ. ಭಾವ ಅದನ್ನು ಕೇಳಿ, "ಇಂಥ ಗಿರಾಕಿಗಳು ಆಗಲೂ ಇದ್ದರಾ?" ಅಂದರು.

ಮಾರ್ಕ್ ಟ್ವೈನ್ 1896ರ ಜನವರಿಯಲ್ಲಿ ಮುಂಬಯಿಗೆ ಬಂದ. ಇಷ್ಟು ದೊಡ್ಡ ಲೇಖಕ ಇಷ್ಟು ದೊಡ್ಡ ಊರಿನಲ್ಲಿ ಏನು ನೋಡಿ ಮರುಳಾದ ಅಂತೀರಿ? ಕಾಗೆ! ಹೋಟೆಲಿನ ಬಾಲ್ಕನಿಯ ಕಂಬಿಯ ಮೇಲೆ ಸಾಲಾಗಿ ಕೂತು ತನ್ನ ಬಟ್ಟೆ, ತನ್ನ ಕೂದಲು, ತನ್ನ ಬಣ್ಣದ ಬಗ್ಗೆ ಅವು ಚರ್ಚೆ ಮಾಡುತ್ತಿದ್ದವು ಅಂತ ಪುಟಗಟ್ಟಲೆ ಬರೆದಿದ್ದಾನೆ. ನಾವೂ ಕಾಗೆಗೆ ನಿತ್ಯ ಅನ್ನ ಇಡುತ್ತೇವೆ, ಒಂದು ಸಾಲು ಬರೆಯಬೇಕು ಅನಿಸಿದ್ದುಂಟಾ?

ಎಲ್ಲರಿಗಿಂತ ನನಗೆ ಇಷ್ಟವಾದವರು ಇಲ್ಲೇ, ನಮ್ಮ ನ್ಯಾಷನಲ್ ಪಾರ್ಕಿನ ಕಾನ್ಹೇರಿ ಗುಹೆಗೆ ಬಂದುಹೋದವರು. ಅಲ್ಲಿ 90ನೆಯ ಗುಹೆಯ ಗೋಡೆಯಲ್ಲಿ ಪಹ್ಲವಿ ಲಿಪಿಯಲ್ಲಿ ಬರಹಗಳಿವೆ. ಜರತುಷ್ಟ್ರ ಧರ್ಮದ ಯಾತ್ರಿಕರ ಗುಂಪು 1009ರಲ್ಲಿ ಎರಡು ಸಲ, 1021ರಲ್ಲಿ ಮತ್ತೊಮ್ಮೆ ಬಂದಿತ್ತು. ಬೌದ್ಧರ ಗುಹೆ ನೋಡಿ ಅವರಿಗೆ ಏನನ್ನಿಸಿತು, ಬುದ್ಧನ ಮುಖ ಹೇಗಿತ್ತು, ಒಂದಕ್ಷರ ಇಲ್ಲ. ಬರೆದದ್ದು ಇಷ್ಟೇ: ಇಂಥ ವರ್ಷ, ಇಂಥ ತಿಂಗಳು, ಇಂಥ ದಿನ, ಇಂಥವರ ಮಕ್ಕಳು ಇಂಥಿಂಥವರು ಇಲ್ಲಿಗೆ ಬಂದಿದ್ದೆವು. ಮುಗಿಯಿತು! 2023ರಲ್ಲಿ ಒಬ್ಬ ಪ್ರವಾಸಿ ಕೊಲೋಸಿಯಮ್ಮಿನ ಗೋಡೆಯಲ್ಲಿ ಬೀಗದ ಕೈಯಿಂದ ತನ್ನ ಹೆಸರನ್ನೂ ಗೆಳತಿಯ ಹೆಸರನ್ನೂ ಕೆತ್ತಿ ಸಿಕ್ಕಿಬಿದ್ದ, ಅದು ಅಷ್ಟು ಹಳೆಯದು ಅಂತ ಗೊತ್ತಿರಲಿಲ್ಲ ಅಂತ ಕ್ಷಮೆಯನ್ನೂ ಕೇಳಿದ, ನೆನಪಿದೆಯಾ? ಪಾಪ, ಸಾವಿರ ವರ್ಷ ತಡವಾಗಿ ಕೆತ್ತಿದ್ದೇ ಅವನ ತಪ್ಪು. ಇವರು ಕೆತ್ತಿದ್ದನ್ನು ವಿದ್ವಾಂಸರು ಭೂತಗನ್ನಡಿ ಹಿಡಿದು ಓದುತ್ತಾರೆ. ಅವನ ಮೇಲೆ ಪೊಲೀಸರನ್ನು ಬಿಟ್ಟರು.

ಅದೇ ಬೆಟ್ಟದ 9ನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಹೌದು, ನಮ್ಮ ನೃಪತುಂಗನೇ. ಕವಿರಾಜಮಾರ್ಗ ಅಂದರೆ ಶಾಲೆಯಿಂದಲೇ ನೆನಪಾಗುವ ದೊರೆ. ಅವನ ಕೈಕೆಳಗಿನ ಶಿಲಾಹಾರರು ಈ ಕಡೆ ಆಳುತ್ತಿದ್ದಾಗ ಇಲ್ಲಿಯ ಭಿಕ್ಷುಗಳಿಗೆ ದಾನ ಕೊಟ್ಟದ್ದನ್ನು ಬರೆಸಿದ್ದಾರೆ: ರಿಪೇರಿಗೆ ಇಷ್ಟು, ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು. ನಮ್ಮ ಸೊಸೈಟಿಯ ಮೆಂಟೆನೆನ್ಸ್ ಬಿಲ್ಲಿನ ಹಾಗೆಯೇ. ಅದರಲ್ಲಿ ಪುಸ್ತಕದ ಕಾಲಮ್ಮು ಮಾತ್ರ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತ ಉಪದೇಶ ಮಾಡಲಿಕ್ಕೆ ನಾನು ಹೊರಟಿಲ್ಲ. ಅಕ್ಕ-ಭಾವ ಹೋದದ್ದು ಒಳ್ಳೆಯದೇ ಆಯಿತು. ನನಗೆ ಅನಿಸುವುದು ಇಷ್ಟೇ: ಊರು ಬಿಟ್ಟು ಹೋದವನು ನೋಡುವುದು ತನ್ನ ಊರನ್ನೇ, ಹೇಳಿಕೊಳ್ಳುವುದು ತಾನು ಬಂದಿದ್ದೆ ಅಂತಲೇ. ಸಾವಿರ ವರ್ಷದ ಹಿಂದಿನ ಯಾತ್ರಿಕರು ಅದನ್ನು ಗೋಡೆಗೆ ಬರೆದರು, ಟ್ವೈನ್ ಪುಸ್ತಕಕ್ಕೆ ಬರೆದ, ಭಾವ ಪಿಸಾದ ಫೋಟೋವನ್ನು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕಾಸಿನ ಮಟ್ಟಿಗೆ ಹೇಳುವುದಾದರೆ, ಎಲಿಫೆಂಟಾದ ಟಿಕೆಟು ವಿದೇಶಿಯರಿಗೆ 600 ರೂಪಾಯಿ, ನಮಗೆ 40; ಗೇಟ್‌ವೇಯಿಂದ ಒಂದು ಗಂಟೆಯ ಲಾಂಚು. ಕಾನ್ಹೇರಿಗೆ ಪಾರ್ಕಿನ ಗೇಟಿನಿಂದಲೇ ಬಸ್ಸು ಸಿಗುತ್ತದೆ. ಮಳೆ ನಿಂತ ಮೇಲೆ ಒಮ್ಮೆ ಹೋಗಿ ಬನ್ನಿ. ಗೋಡೆ ಮೇಲೆ ಮಾತ್ರ ಏನೂ ಬರೆಯಬೇಡಿ. ಮತ್ತೆ ಸೋಮವಾರ ಹೋಗಬೇಡಿ ಮಾರಾಯ್ರೆ, ಎರಡೂ ಬಂದ್ ಇರುತ್ತವೆ.